ಪ್ರೈಮರ್ ಬಳಿದ ತಗಡಿಗೆ ಹಣ ಕೊಡಬೇಡಿ

ಹಳೆಯ ಕಾರಿನ ಮೈಗೆ (ಬಾಡಿ) ‘ಕೈಯಿಂದ ಬಡಿದು ಮಾಡಿದ ತಗಡು’ ಎಂದು ಹೇಳಿ ಯಾರಾದರೂ ಅದಕ್ಕೆ ಪ್ರೈಮರ್ (ಬಣ್ಣಕ್ಕೆ ಮುಂಚಿನ ಅಡಿಲೇಪ) ಬಳಿದು ಕೊಟ್ಟರೆ ತೆಗೆದುಕೊಳ್ಳಬೇಡಿ. ಬರಿಯ ಲೋಹವಾಗಿದ್ದಾಗಲೇ ಒಳಮೈ, ಹೊರಮೈ ಎರಡನ್ನೂ ನೋಡಿ, ಆಮೇಲೆ ಬಾಕಿ ಹಣ ಕೊಡಿ. ನಾನು ಹಾಗೆ ಮಾಡಲಿಲ್ಲ. 6,200 ಡಾಲರ್ ಹೋಯಿತು, ಇಡೀ ಒಂದು ಚಳಿಗಾಲ ಹೋಯಿತು, ಸಾಲದ್ದಕ್ಕೆ ಒಂದು ರಾತ್ರಿ ಹಲ್ಲು ಕಟಕಟಿಸುವ ಜ್ವರವೂ ಬಂತು. ಆ ಜ್ವರ ಬರದೇ ಹೋಗಿದ್ದರೆ ಮೋಸ ನನಗೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.

ನಾನು ದಾವಣಗೆರೆಯವನು. ಮಿಷಿಗನ್ ರಾಜ್ಯಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಡೆಟ್ರಾಯಿಟ್ ಸುತ್ತಮುತ್ತ ಇದ್ದವರಿಗೆ ಕಾರಿನ ಹುಚ್ಚು ಒಂದಲ್ಲ ಒಂದು ದಿನ ಹತ್ತಿಯೇ ಹತ್ತುತ್ತದೆ. ನನಗೆ ಹತ್ತಿದ್ದು ಹಾಟ್ ರಾಡ್ ಹುಚ್ಚು. 1930 ಮತ್ತು 40ರ ದಶಕಗಳಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಅಗ್ಗಕ್ಕೆ ಸಿಗುತ್ತಿದ್ದ ಹಳೆಯ ಫೋರ್ಡ್ ಕಾರುಗಳನ್ನು ಕೊಂಡು, ಮಡ್‌ಗಾರ್ಡ್ ಕಿತ್ತು, ತೂಕ ಇಳಿಸಿ, ಎಂಜಿನ್‌ಗೆ ಕೈಹಾಕಿ, ಮುರಾಕ್ ಮತ್ತು ಎಲ್ ಮಿರಾಜ್‌ನ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ಅದೇ ಕಾಲದ ರೀತಿಯಲ್ಲಿ, ಅದೇ ಕಾಲದ ಬಿಡಿಭಾಗಗಳಿಂದ ಇವತ್ತು ಕಟ್ಟಿದರೆ ಅದಕ್ಕೆ ‘ಸಾಂಪ್ರದಾಯಿಕ’ ಎಂಬ ವಿಶೇಷಣ ಸೇರುತ್ತದೆ. ಫೈಬರ್ ಬಾಡಿ ಹಾಕಿದವರನ್ನು ಈ ಮಂದಿ ಪಂಕ್ತಿಗೆ ಕೂರಿಸುವುದಿಲ್ಲ.

ನನ್ನದು 1931ರ ಫೋರ್ಡ್ ಮಾಡೆಲ್ ಎ ಕೂಪೆ. ಕೊಂಡಾಗ ಚಾವಣಿ, ಬಾಗಿಲು, ಡಿಕ್ಕಿಯ ಮುಚ್ಚಳ ಗಟ್ಟಿಯಾಗಿದ್ದವು. ಹಿಂಬದಿಯ ಎರಡು ಪಕ್ಕದ ತಗಡುಗಳು ಮಾತ್ರ ಮೊಣಕಾಲೆತ್ತರದವರೆಗೆ ಹಪ್ಪಳವಾಗಿದ್ದವು, ಬೆರಳಿಟ್ಟರೆ ಪುಡಿ ಉದುರುತ್ತಿತ್ತು. ಈ ಕಾರಿಗೆ ಅಚ್ಚಿನಲ್ಲಿ ಒತ್ತಿ ತಯಾರಿಸಿದ ಹೊಸ ತಗಡಿನ ತುಂಡುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಅವನ್ನೇ ತರಿಸಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಯಾವನೋ ಒಬ್ಬ ಬಣ್ಣವಿಲ್ಲದ ಹೊಳೆಯುವ ತಗಡಿನ ಪಕ್ಕ ಸುತ್ತಿಗೆ ಹಿಡಿದು ನಿಂತ ಚಿತ್ರ ನೋಡಿದ್ದೆ. ನನ್ನ ಕಾರಿಗೂ ಹಾಗೆಯೇ ಆಗಬೇಕು ಎನಿಸಿತು.

ಊರಾಚೆ ಒಂದು ಸಣ್ಣ ಕಾರ್ಯಾಗಾರ ಸಿಕ್ಕಿತು. ಹೆಸರು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ, ಇಂಥವು ಎಲ್ಲ ಊರಲ್ಲೂ ಇವೆ. ಒಳಗೆ ಕಾಲಿಟ್ಟರೆ ಕಣ್ಣಿಗೆ ಹಬ್ಬ: ಆಳೆತ್ತರದ ಇಂಗ್ಲಿಷ್ ವೀಲ್ (ಎರಡು ಗಾಲಿಗಳ ನಡುವೆ ತಗಡನ್ನು ಒತ್ತಿ ಉಬ್ಬಿಸುವ ಯಂತ್ರ), ಗೋಡೆಯ ತುಂಬ ಸಾಲಾಗಿ ತೂಗುಹಾಕಿದ ಸುತ್ತಿಗೆಗಳು, ಮರದ ದಿಮ್ಮಿ, ಚರ್ಮದ ಮರಳುಚೀಲ. ಮಾಲೀಕ ಮಾತಿನಲ್ಲಿ ಬೆಣ್ಣೆ. “ಪುಟ್ಟಿ ಎಂಬ ಪದವನ್ನು ನಮ್ಮ ಅಂಗಡಿಯಲ್ಲಿ ಉಚ್ಚರಿಸುವುದಿಲ್ಲ” ಎಂದ. ಪುಟ್ಟಿ ಎಂದರೆ ತಗಡಿನ ಉಬ್ಬುತಗ್ಗು ಮುಚ್ಚಲು ಮೆತ್ತುವ ಲೇಪ. ಈಗ ನೆನಪು ಮಾಡಿಕೊಂಡರೆ, ಆ ಚರ್ಮದ ಚೀಲದ ಮೇಲೆ ಒಂದೂ ಗಾಯದ ಗುರುತು ಇರಲಿಲ್ಲ. ವೀಲ್‌ನ ಗಾಲಿಗಳ ಮೇಲೆ ಸಣ್ಣಗೆ ತುಕ್ಕು ಹಿಡಿದಿತ್ತು. ದಿನವೂ ದುಡಿಯುವ ಉಪಕರಣ ಹಾಗಿರುವುದಿಲ್ಲ. ನೋಡಿದ್ದೆ, ಆದರೆ ಯೋಚಿಸಲಿಲ್ಲ.

4,000 ಮುಂಗಡ ಕೊಟ್ಟೆ. ಮೂರು ತಿಂಗಳು ಮೊಬೈಲ್‌ಗೆ ಚಿತ್ರಗಳು ಬಂದವು, ಎಲ್ಲವೂ ಹೊರಗಿನಿಂದ ತೆಗೆದವು, ಎಲ್ಲವೂ ದೂರದಿಂದ. ಒಂದು ಶನಿವಾರ ನೋಡಲು ಬರುತ್ತೇನೆ ಎಂದರೆ “ಈಗ ಬೇಡ, ವೆಲ್ಡಿಂಗ್ ನಡೆಯುತ್ತಿದೆ” ಎಂದ. ನವೆಂಬರ್‌ನಲ್ಲಿ ಬಾಡಿ ಮನೆಗೆ ಬಂತು. ಹೊರಗೆ ಕಪ್ಪು ಪ್ರೈಮರ್, ಒಳಗೆ ಡಾಂಬರಿನಂಥ ದಪ್ಪ ಲೇಪ. ಅಂಗೈ ಆಡಿಸಿದರೆ ರೇಷ್ಮೆಯಂತಿತ್ತು. ಉಳಿದ 2,200 ಕೊಟ್ಟು, ಕೈಕುಲುಕಿ, ಕಾಫಿ ಕೊಟ್ಟು ಕಳುಹಿಸಿದೆ. ಕಾಫಿ ಕೊಟ್ಟದ್ದೇ ಇವತ್ತಿಗೂ ಹೊಟ್ಟೆ ಉರಿಸುವುದು.

ಜನವರಿಯ ಒಂದು ಸಂಜೆ ಡಿಕ್ಕಿಯ ಒಳಗೆ ವೈರಿಂಗ್ ಹಿಡಿದುಕೊಳ್ಳಲು ನಾಲ್ಕು ಸಣ್ಣ ಕೊಂಡಿಗಳನ್ನು ಬೆಸೆಯಬೇಕಿತ್ತು. ಕಪ್ಪು ಲೇಪ ಕೆರೆದೆ, ಕೆಳಗೆ ಬೂದುಬಣ್ಣದ ಲೋಹ ಕಂಡಿತು. ಹೊರಗೆ ಹಿಮ ಬೀಳುತ್ತಿದ್ದುದರಿಂದ ಗ್ಯಾರೇಜಿನ ಬಾಗಿಲು ಎಳೆದು ಮಿಗ್ ವೆಲ್ಡರ್ (ತಂತಿ ಕರಗಿಸಿ ಬೆಸೆಯುವ ವಿದ್ಯುತ್ ಯಂತ್ರ) ಹಚ್ಚಿದೆ. ಮುಟ್ಟಿದ ಕೂಡಲೇ ತಗಡು ಕರಗಿ ತೂತಾಯಿತು. ಕರೆಂಟು ಕಡಿಮೆ ಮಾಡಿದೆ, ಮತ್ತೆ ತೂತು. ತಪ್ಪು ನನ್ನ ಕೈಯದೇ ಇರಬೇಕು ಎಂದುಕೊಂಡು ಮುಕ್ಕಾಲು ಗಂಟೆ ಅದರ ಜೊತೆ ಗುದ್ದಾಡಿದೆ. ಬಿಳಿಯ ಹೊಗೆ ದಟ್ಟವಾಗಿ ಏಳುತ್ತಿತ್ತು, ಬೂರುಗದ ಹತ್ತಿಯಂಥ ಎಳೆಗಳು ಗಾಳಿಯಲ್ಲಿ ತೇಲಿ ತೋಳಿನ ಮೇಲೆ ಕೂರುತ್ತಿದ್ದವು. ಚೆನ್ನಾಗಿ ಕಾಣುತ್ತಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ.

ರಾತ್ರಿ ಹನ್ನೊಂದರ ಹೊತ್ತಿಗೆ ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡಂಥ ರುಚಿ. ಹನ್ನೆರಡಕ್ಕೆ ಚಳಿ. ಒಂದಕ್ಕೆ ಎರಡು ರಜಾಯಿ ಹೊದ್ದರೂ ನಿಲ್ಲದ ನಡುಕ, ಮೈಯೆಲ್ಲ ನೋವು. ಹೆಂಡತಿ ಫ್ಲೂ ಎಂದು ಮೆಣಸಿನ ಕಷಾಯ ಕುದಿಸಿದಳು. ಬೆಳಿಗ್ಗೆ ವೈದ್ಯರ ಬಳಿ ಹೋದರೆ ಅವರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು: “ನಿನ್ನೆ ಏನಾದರೂ ವೆಲ್ಡಿಂಗ್ ಮಾಡಿದಿರಾ?” ಕಾರಿನ ಊರಿನ ವೈದ್ಯರು!

ಅದು ಸತುವಿನ ಹೊಗೆಯಿಂದ ಬರುವ ಜ್ವರ. ಸತು 907 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಉಕ್ಕು ಕರಗಲು ಸುಮಾರು 1,500 ಡಿಗ್ರಿ ಬೇಕು. ಹಾಗಾಗಿ ಸತು ಲೇಪಿಸಿದ ತಗಡನ್ನು ಬೆಸೆಯಲು ಹೊರಟರೆ ಉಕ್ಕು ಕರಗುವ ಮುನ್ನವೇ ಸತು ಆವಿಯಾಗಿ, ಗಾಳಿಯೊಡನೆ ಕೂಡಿ ಬಿಳಿಯ ಆಕ್ಸೈಡ್ ಪುಡಿಯಾಗುತ್ತದೆ. ಉಸಿರಿನೊಂದಿಗೆ ಒಳಗೆ ಹೋದರೆ ಕೆಲವು ಗಂಟೆ ಕಳೆದು ಚಳಿಜ್ವರ ಬರುತ್ತದೆ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ನನ್ನದೂ ಇಳಿಯಿತು. ಆದರೆ ಹಳೆಯ ಬೋಲ್ಟುಗಳಿಗೆ ಸತುವಿನ ಬದಲು ಕ್ಯಾಡ್ಮಿಯಂ ಲೇಪವಿರುವುದುಂಟು. ಅದರ ಹೊಗೆಯೂ ಮೊದಲು ಇದೇ ರೀತಿ ಜ್ವರದಂತೆ ಶುರುವಾಗಿ ಶ್ವಾಸಕೋಶವನ್ನೇ ಹಾಳುಮಾಡಿ ಜೀವ ತೆಗೆಯಬಲ್ಲದು. ಎದೆ ಬಿಗಿದರೆ, ಉಸಿರಿಗೆ ಕಷ್ಟವಾದರೆ ಕಷಾಯಕ್ಕೆ ಕಾಯದೆ ಆಸ್ಪತ್ರೆಗೆ ಓಡಿ. ನಮ್ಮ ಕಡೆಯ ವೆಲ್ಡಿಂಗ್ ಅಂಗಡಿಗಳಲ್ಲಿ ಬೆಲ್ಲ ತಿನ್ನುತ್ತಾರೆ, ಇಲ್ಲಿನವರು ಹಾಲು ಕುಡಿಯುತ್ತಾರೆ. ಎರಡೂ ರುಚಿಯಾಗಿವೆ. ಹೊಗೆಗೆ ಬೇಕಾದದ್ದು ತೆರೆದ ಬಾಗಿಲು ಮತ್ತು ಮುಖಕ್ಕೆ ಸರಿಯಾದ ರೆಸ್ಪಿರೇಟರ್.

ಜ್ವರ ಬಿಟ್ಟ ಮೇಲೆ ತಲೆಯಲ್ಲಿ ಒಂದೇ ಪ್ರಶ್ನೆ: 1931ರ ಕಾರಿನಲ್ಲಿ ಸತು ಎಲ್ಲಿಂದ ಬಂತು? ಕೈಯಿಂದ ರೂಪಿಸುವವರು ತರುವುದು ಲೇಪವಿಲ್ಲದ, ಕೋಲ್ಡ್ ರೋಲ್ಡ್ ಎನ್ನುವ ಬರಿಯ ಉಕ್ಕಿನ ತಗಡು. ಆಯಸ್ಕಾಂತ ಹಿಡಿದು ಹೊರಗಿನಿಂದ ಪಕ್ಕದ ತಗಡಿನ ಮೇಲೆ ಇಟ್ಟೆ. ಬಾಗಿಲಿಗೆ ಟಕ್ ಎಂದು ಅಂಟಿಕೊಂಡದ್ದು ಇಲ್ಲಿ ಜಾರಿ ಕೆಳಗೆ ಬಿತ್ತು. ಪ್ರೈಮರ್ ಕೆರೆದೆ. ಗುಲಾಬಿ ಬಣ್ಣದ ಪುಟ್ಟಿ. ಇನ್ನೂ ಕೆರೆದೆ. ಇನ್ನೂ ಪುಟ್ಟಿ. ಮೂರು ಮಿಲಿಮೀಟರಿಗಿಂತ ದಪ್ಪ ಹಚ್ಚಬಾರದು ಎನ್ನುವ ಜಾಗದಲ್ಲಿ ಹನ್ನೊಂದು ಮಿಲಿಮೀಟರ್ ಇತ್ತು. ಅದರಡಿ ಮನೆಗಳ ಬಿಸಿಗಾಳಿಯ ಕೊಳವೆಗೆ ಬಳಸುವ, ಅರ್ಧ ಮಿಲಿಮೀಟರ್ ಚಿಲ್ಲರೆ ದಪ್ಪದ ಜಿಐ ಶೀಟ್, ಅಂದರೆ ಸತು ಲೇಪಿಸಿದ ತಗಡು. ಅದನ್ನು ತುಕ್ಕು ಹಿಡಿದ ಹಳೆಯ ತಗಡಿನ ಮೇಲೆಯೇ ಹೊದಿಸಿ ರಿವೆಟ್ ಹೊಡೆದಿದ್ದರು. ತುಕ್ಕು ಒಳಗೆ ತನ್ನ ಪಾಡಿಗೆ ತಾನು ತಿನ್ನುತ್ತಾ ಕೂತಿತ್ತು. ಎರಡೂ ಬದಿಯಿಂದ ಕೆರೆದ ಪುಟ್ಟಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದೆ, ನಾಲ್ಕು ಕಿಲೋ ದಾಟಿತು. ಹೆಂಡತಿ ಹೊಸ ತಕ್ಕಡಿ ತರಿಸಿದಳು, ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬಹುದು.

ಕೆರೆಯುವಾಗ ಇನ್ನೊಂದು ಗಂಡಾಂತರದಿಂದ ಸ್ವಲ್ಪದರಲ್ಲಿ ಪಾರಾದೆ. ಮೇಲಿನ ಮೂಲೆಯ ಕೀಲಿನಲ್ಲಿ ಮೆತ್ತಗೆ ಹೊಳೆಯುವ ಬೂದು ಲೋಹ ಕಂಡಿತು. ಅದು ಸೀಸ. ಪ್ಲಾಸ್ಟಿಕ್ ಪುಟ್ಟಿ ಬರುವ ಮೊದಲು ಕೀಲುಗಳನ್ನು ಸೀಸ ಮತ್ತು ತವರದ ಮಿಶ್ರಣ ಕರಗಿಸಿ ತುಂಬುತ್ತಿದ್ದರು, ಎಪ್ಪತ್ತು ಪಾಲು ಸೀಸ, ಮೂವತ್ತು ಪಾಲು ತವರ. ಅದಕ್ಕೆ ಗ್ರೈಂಡರ್ ಅಥವಾ ಉಜ್ಜುವ ಕಾಗದ ತಾಗಿಸಿದರೆ ಸೀಸದ ಧೂಳು ಮನೆಯ ತುಂಬ. ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ. ಒರಟು ಹಲ್ಲಿನ ಅರದಿಂದ ಮಾತ್ರ ತೆಗೆಯಬೇಕು, ಉದುರಿದ ಚೂರನ್ನು ಒದ್ದೆ ಬಟ್ಟೆಯಿಂದ ಎತ್ತಬೇಕು, ಆ ಅಂಗಿಯಲ್ಲಿ ಮನೆಯೊಳಗೆ ಬರಬಾರದು. ಲೇಪ ಒರೆಸಲು ಬ್ರೇಕ್ ಕ್ಲೀನರ್ ಬಳಸುವವರಿಗೂ ಒಂದು ಮಾತು: ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಒರೆಸಿದ ಜಾಗದಲ್ಲಿ ಬೆಸುಗೆ ಹಾಕಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ಅನಿಲ ಅದು. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ.

ಕಾರ್ಯಾಗಾರಕ್ಕೆ ಹೋಗಿ ಜಿಐ ಶೀಟನ್ನು ಮೇಜಿನ ಮೇಲಿಟ್ಟೆ. ಮಾಲೀಕ ಮುಜುಗರವನ್ನೇ ಪಡಲಿಲ್ಲ. “ಕೈಯಿಂದಲೇ ಬಗ್ಗಿಸಿದ್ದು” ಎಂದ. ನನ್ನ ರಸೀದಿಯಲ್ಲಿ ‘ಹಿಂಬದಿ ಬಾಡಿ ಕೆಲಸ’ ಎಂದಷ್ಟೇ ಇತ್ತು. ಯಾವ ತಗಡು, ಎಷ್ಟು ದಪ್ಪ, ಯಾವ ಬೆಸುಗೆ, ಪುಟ್ಟಿ ಎಷ್ಟು, ಒಂದಕ್ಷರವೂ ಇಲ್ಲ. ವಕೀಲರೊಬ್ಬರು ಆ ಕಾಗದ ನೋಡಿ ನಕ್ಕರು. ವಾರಗಟ್ಟಲೆ ಪೀಡಿಸಿದ ಮೇಲೆ 900 ಡಾಲರ್ ವಾಪಸು ಬಂತು.

ಅಸಲಿ ಕೆಲಸ ಹೇಗಿರುತ್ತದೆ ಎಂದು ನಾನು ಕಲಿತದ್ದು ಆಮೇಲೆ, ನಮ್ಮ ಬೀದಿಯಲ್ಲೇ ಇರುವ ಒಬ್ಬ ಮುದುಕರಿಂದ. ಕಾರು ಕಂಪನಿಯೊಂದರಲ್ಲಿ ಮಾದರಿ ಕಾರುಗಳಿಗೆ ತಗಡು ಬಡಿಯುತ್ತಿದ್ದವರು. ಅವರು ಹೇಳಿದ್ದು ಇಷ್ಟೇ: ತಗಡನ್ನು ಬಗ್ಗಿಸುವುದು ಕೆಲಸವಲ್ಲ, ಹಿಗ್ಗಿಸುವುದು ಮತ್ತು ಕುಗ್ಗಿಸುವುದು ಕೆಲಸ. ಒಂದೇ ದಿಕ್ಕಿನ ಬಾಗು ಯಾರಿಗಾದರೂ ಬರುತ್ತದೆ. ಎರಡು ದಿಕ್ಕಿಗೂ ಉಬ್ಬಿದ ಮೈ ಬೇಕಾದರೆ ಒಂದೋ ನಡುಭಾಗ ಹಿಗ್ಗಬೇಕು, ಇಲ್ಲವೇ ಅಂಚು ಕುಗ್ಗಬೇಕು. ಹಿಗ್ಗಿಸುವುದು ರೊಟ್ಟಿ ತಟ್ಟಿದಂತೆ: ಬಡಿದ ಕಡೆ ತಗಡು ತೆಳುವಾಗಿ ಹರಡುತ್ತದೆ. ಕುಗ್ಗಿಸುವುದು ಸೀರೆಯ ನೆರಿಗೆ ಹಿಡಿದಂತೆ: ಅಂಚಿನಲ್ಲಿ ನೆರಿಗೆ ಎತ್ತಿ, ಅದು ಬಿಚ್ಚಿಕೊಳ್ಳುವ ಮೊದಲೇ ತುದಿಯಿಂದ ಬಡಿಯುತ್ತಾ ಬಂದು ಲೋಹವನ್ನು ಅದರೊಳಕ್ಕೇ ಅಡಗಿಸಬೇಕು. ಆ ಜಾಗ ಒಂದಿಷ್ಟು ದಪ್ಪವಾಗುತ್ತದೆ. ನನ್ನ ಮೊದಲ ಮೂರು ತುಂಡುಗಳು ಹಪ್ಪಳದಂತೆ ಸೊಟ್ಟಗಾದವು. ನಾಲ್ಕನೆಯದು ಬೆರಳಿಂದ ಒತ್ತಿದರೆ ಟಪ್ ಎಂದು ಒಳಗೆ ಹೋಗಿ, ಬಿಟ್ಟರೆ ಟಪ್ ಎಂದು ಹೊರಬರುತ್ತಿತ್ತು, ಎಣ್ಣೆ ಡಬ್ಬಿಯ ತಳದ ಹಾಗೆ. ನಡುವೆ ಹೆಚ್ಚು ಹಿಗ್ಗಿ ಸುತ್ತ ಜಾಗ ಸಾಲದಿದ್ದರೆ ಹೀಗಾಗುತ್ತದೆ. ಬೆಸುಗೆಯೂ ಇದನ್ನೇ ಮಾಡುತ್ತದೆ, ಆದರೆ ತಿರುವುಮುರುವಾಗಿ: ತಣಿಯುವಾಗ ಬೆಸುಗೆಯ ಗೆರೆ ಕುಗ್ಗಿ ಸುತ್ತಲಿನ ತಗಡನ್ನು ಎಳೆಯುತ್ತದೆ. ಡಾಲಿಯ (ಹಿಂದಿನಿಂದ ಒತ್ತು ಕೊಡುವ ಉಕ್ಕಿನ ಗಟ್ಟಿ) ಮೇಲಿಟ್ಟು ಆ ಗೆರೆಯನ್ನೇ ಸುತ್ತಿಗೆಯಿಂದ ತಟ್ಟಿ ಮತ್ತೆ ಹಿಗ್ಗಿಸಬೇಕು. ಟಿಗ್ (ಟಂಗ್‌ಸ್ಟನ್ ಮೊನೆಯ ವಿದ್ಯುತ್ ಬೆಸುಗೆ) ಅಥವಾ ಗ್ಯಾಸ್ ಬೆಸುಗೆ ಮೆದುವಾಗಿರುವುದರಿಂದ ಆ ಏಟಿಗೆ ಬಗ್ಗುತ್ತದೆ. ಮಿಗ್ ಬೆಸುಗೆ ಗಡುಸು, ಹಟ ಮಾಡುತ್ತದೆ.

ತಗಡು ಕೊಳ್ಳುವಾಗ ಗೇಜ್ (ದಪ್ಪ ಸೂಚಿಸುವ) ಸಂಖ್ಯೆ ಹೇಳಿ ಸುಮ್ಮನಾಗಬೇಡಿ. 18 ಗೇಜಿನ ಉಕ್ಕು 1.2 ಮಿಲಿಮೀಟರ್, 18 ಗೇಜಿನ ಅಲ್ಯೂಮಿನಿಯಂ 1 ಮಿಲಿಮೀಟರ್ ಮಾತ್ರ. ಮಿಲಿಮೀಟರ್‌ನಲ್ಲೇ ಬರೆಸಿ.

ಇನ್ನು, ಯಾರಿಗಾದರೂ ಕೆಲಸ ಕೊಡುವುದೇ ಆದರೆ ನಾನು ಕೇಳದೆ ಬಿಟ್ಟದ್ದನ್ನು ನೀವು ಕೇಳಿ. ಅರ್ಧ ಮುಗಿದ ಕೆಲಸ ಒಂದಾದರೂ ಕಣ್ಣೆದುರು ಇರಲಿ, ಅದರ ಒಳಮೈ ನೋಡಿ: ನಿಜವಾಗಿ ಬಡಿದ ತಗಡಿನ ಹಿಂಬದಿಯಲ್ಲಿ ಸುತ್ತಿಗೆಯ ಗುರುತು, ಬೆಸುಗೆಯ ಇಕ್ಕೆಲದಲ್ಲಿ ನೀಲಿ ಛಾಯೆ, ಅರ ಆಡಿಸಿದ ಗೀರು ಇದ್ದೇ ಇರುತ್ತವೆ. ತುಂಡನ್ನು ಹಳೆಯ ತಗಡಿನ ಮೇಲೆ ಹೊದಿಸುತ್ತಾರೋ, ತುಕ್ಕನ್ನು ಕತ್ತರಿಸಿ ಅಂಚಿಗೆ ಅಂಚು ಕೂಡಿಸುತ್ತಾರೋ ಬರೆದು ಕೊಡಲಿ. ಹಣವನ್ನು ಹಂತಹಂತವಾಗಿ ಕೊಡಿ, ಪ್ರತಿ ಹಂತಕ್ಕೂ ಮೊದಲು ನೀವೇ ಹೋಗಿ ನಿಂತು ನೋಡಿ. ಬರಬೇಡಿ ಎಂದರೆ ಅಂದೇ ಬಾಡಿಯನ್ನು ಎತ್ತಿಕೊಂಡು ಬನ್ನಿ. ದಾವಣಗೆರೆಯಲ್ಲಿ ಅಪ್ಪನ ಅಂಬಾಸಿಡರ್ ಟಿಂಕರಿಂಗ್‌ಗೆ ಬಿಟ್ಟಾಗ ಅಪ್ಪ ಎರಡು ದಿನಕ್ಕೊಮ್ಮೆ ಹೋಗಿ ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಆಗ ನನಗೆ ಅವಮಾನವಾಗುತ್ತಿತ್ತು.

ಈಗ ಬಲಗಡೆಯ ತಗಡು ಮುಗಿದಿದೆ, 1.2 ಮಿಲಿಮೀಟರ್ ಉಕ್ಕು, ಪುಟ್ಟಿ ಇಲ್ಲ, ತುಕ್ಕು ಬಾರದಂತೆ ಎಣ್ಣೆ ಒರೆಸಿಟ್ಟಿದ್ದೇನೆ. ಎಡಗಡೆಯದು ಇನ್ನೂ ಟಪ್ ಎನ್ನುತ್ತಿದೆ. ಮುದುಕರು ನೋಡಿ, ಚಕ್ರದ ಮೇಲಿನ ಅಂಚನ್ನು ಇನ್ನಷ್ಟು ಹಿಗ್ಗಿಸಬೇಕು ಎಂದಿದ್ದಾರೆ. ಈ ಶನಿವಾರ ಬರುತ್ತಾರೆ.