ಒಂದು ಮಿತಿ, ಮೂರು ಕ್ಲಾಸ್: ರೂಬಿಯ ಕ್ಲಾಸ್ ಆಕ್ಸೆಸರ್‌ಗಳನ್ನು ಹಾಕಿ ನೋಡಿದೆ

ರೂಬಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ನನ್ನ ಕೋಡ್‌ನಲ್ಲಿ ಇದ್ದದ್ದು ಮೂರೇ ಕ್ಲಾಸ್, ಅಂದರೆ ಆಬ್ಜೆಕ್ಟ್‌ಗಳನ್ನು ಮಾಡುವ ಅಚ್ಚು. ರಿಪೋರ್ಟ್ ಅನ್ನುವ ಪೇರೆಂಟ್, ಅದರ ಕೆಳಗೆ ಅದರಿಂದ ಹುಟ್ಟಿದ ಸಬ್‌ಕ್ಲಾಸ್‌ಗಳು, ಪಿಡಿಎಫ್ ಒಂದು, ಸಿಎಸ್‌ವಿ ಒಂದು. ಒಂದು ರಿಪೋರ್ಟ್‌ನಲ್ಲಿ ಹೆಚ್ಚೆಂದರೆ ಎಷ್ಟು ಸಾಲು ಅನ್ನುವ ಮಿತಿ ಎಲ್ಲರಿಗೂ 500, ಸಿಎಸ್‌ವಿಗೆ ಮಾತ್ರ 5000. ಈ ನಂಬರನ್ನು ಪ್ರತಿ ಆಬ್ಜೆಕ್ಟ್‌ನಲ್ಲಿ ಇಡುವ ಬದಲು ಕ್ಲಾಸ್ ಮೇಲೆಯೇ ಇಟ್ಟು, ಓದಲು ಬರೆಯಲು ಮೆಥಡ್‌ಗಳನ್ನು ತಾನಾಗೇ ಹುಟ್ಟಿಸಿಕೊಳ್ಳಬೇಕು. ಇವೇ ಆಕ್ಸೆಸರ್‌ಗಳು: ಓದುವುದು ರೀಡರ್, ಬರೆಯುವುದು ರೈಟರ್. ಇಷ್ಟು ಸಣ್ಣ ಕೆಲಸಕ್ಕೆ ಮೂರು ದಾರಿ ಹಿಡಿದು, ಮೂರರಲ್ಲೂ ಒಂದೊಂದು ಸಲ ಎಡವಿದ್ದೇನೆ.

ಮೊದಲು ಕೈ ಹೋಗಿದ್ದು ರೂಬಿಯ ವೆಬ್ ಫ್ರೇಮ್‌ವರ್ಕ್ ಆದ ರೇಲ್ಸ್ ಕೊಡುವ ಸಿಆಟ್ರ್_ಆಕ್ಸೆಸರ್ (cattr_accessor) ಕಡೆಗೆ. ಒಂದು ಸಾಲು ಬರೆದರೆ ಸಾಕು, ಕ್ಲಾಸ್ ಮೇಲೂ ಮೆಥಡ್ ಬರುತ್ತದೆ, ಆಬ್ಜೆಕ್ಟ್ ಮೇಲೂ ಬರುತ್ತದೆ. ಒಳಗೆ ಇರುವುದು ರೂಬಿಯ ಹಳೇ ಕ್ಲಾಸ್ ವೇರಿಯಬಲ್, ಅಂದರೆ ಎರಡು @ ಹಾಕಿ ಬರೆಯುವುದು. ಪೇರೆಂಟ್‌ನಲ್ಲಿ 500 ಇಟ್ಟೆ, ಸಿಎಸ್‌ವಿಯಲ್ಲಿ 5000 ಅಂತ ಬರೆದೆ. ನನ್ನ ಮಷೀನ್‌ನಲ್ಲಿ ಎಲ್ಲ ಸರಿ. ಸರ್ವರ್‌ಗೆ ಹಾಕಿದ ಮೇಲೆ ಪಿಡಿಎಫ್ ರಿಪೋರ್ಟ್‌ಗಳು ಸಾವಿರಾರು ಸಾಲು ಉದ್ದ ಬರತೊಡಗಿದವು.

ಕಾರಣ ಸುಲಭ, ಹಿಡಿಯಲು ಮಾತ್ರ ಅರ್ಧ ದಿನ ಹೋಯಿತು. @@ ವೇರಿಯಬಲ್ ಇಡೀ ವಂಶಕ್ಕೆ ಒಂದೇ. ಸಬ್‌ಕ್ಲಾಸ್ ಬರೆದರೂ ಅದು ಹೋಗಿ ಕೂರುವುದು ಪೇರೆಂಟ್‌ನ ಡಬ್ಬಿಯಲ್ಲೇ. ಡೆವಲಪ್‌ಮೆಂಟ್‌ನಲ್ಲಿ ರೇಲ್ಸ್ ಒಂದು ಕ್ಲಾಸನ್ನು ಬೇಕಾದಾಗ ಮಾತ್ರ ಲೋಡ್ ಮಾಡುತ್ತದೆ. ನಾನು ಪಿಡಿಎಫ್ ಮಾತ್ರ ತೆರೆದು ನೋಡುತ್ತಿದ್ದೆ, ಹಾಗಾಗಿ ಸಿಎಸ್‌ವಿಯ ಫೈಲ್ ಲೋಡೇ ಆಗಿರಲಿಲ್ಲ. ಪ್ರೊಡಕ್ಷನ್‌ನಲ್ಲಿ ಶುರುವಿಗೇ ಎಲ್ಲವೂ ಲೋಡ್ ಆಗುತ್ತದೆ, 500 ಅಳಿಸಿ 5000 ಬರುತ್ತದೆ. ಸಿಎಸ್‌ವಿಯಲ್ಲಿ ಸಿಆಟ್ರ್_ಆಕ್ಸೆಸರ್ ಸಾಲನ್ನು ಮತ್ತೊಮ್ಮೆ ಬರೆದು, ಬೇರೆ ಡೀಫಾಲ್ಟ್ ಕೊಟ್ಟೂ ನೋಡಿದೆ. ಅದೇ ಕಥೆ, ಆ ಡೀಫಾಲ್ಟೂ ಪೇರೆಂಟ್‌ನದ್ದನ್ನೇ ಬದಲಿಸುತ್ತದೆ. ಉಲ್ಟಾ ಆದರೆ, ಅಂದರೆ ಸಬ್‌ಕ್ಲಾಸ್ ಮೊದಲು ತನ್ನ @@ ಮಾಡಿಕೊಂಡು ಆಮೇಲೆ ಪೇರೆಂಟ್ ಅದೇ ಹೆಸರಿನದು ಮಾಡಿದರೆ, 2020ರ ಡಿಸೆಂಬರ್‌ನಲ್ಲಿ ಬಂದ ರೂಬಿ 3.0ರಿಂದ ಈಚೆಗೆ ಅದು ನೇರವಾಗಿ ಎರರ್. ಅದಕ್ಕೆ ಮುಂಚೆ ಬರುತ್ತಿದ್ದದ್ದು ಬರೀ ವಾರ್ನಿಂಗ್, ಅದೂ ಹೆಚ್ಚಿನ ಎಚ್ಚರಿಕೆಗಳನ್ನು ತೋರಿಸುವ ವರ್ಬೋಸ್ ಮೋಡ್ ಹಾಕಿಕೊಂಡಿದ್ದರೆ.

ಇನ್ನೊಂದು ತಮಾಷೆ. ರೂಬಿಯಲ್ಲಿ ವೇರಿಯಬಲ್‌ಗೆ ಕನ್ನಡದಲ್ಲೇ ಹೆಸರಿಡಬಹುದು, @@ಮಿತಿ ಅಂದರೂ ಒಪ್ಪುತ್ತದೆ. ಸಿಆಟ್ರ್_ಆಕ್ಸೆಸರ್‌ಗೆ ಆ ಹೆಸರು ಕೊಟ್ಟರೆ ಮಾತ್ರ ನೇಮ್ ಎರರ್, ಯಾಕಂದರೆ ಹೆಸರಿನ ಮೊದಲ ಅಕ್ಷರ ಇಂಗ್ಲಿಷ್‌ನದ್ದೋ ಅಂಡರ್‌ಸ್ಕೋರೋ ಆಗಿರಬೇಕು ಅಂತ ಒಳಗೆ ತಪಾಸಣೆ ಇದೆ. ಕ್ಲಾಸ್ ಹೆಸರನ್ನಂತೂ ಕನ್ನಡದಲ್ಲಿ ಇಡಲು ಆಗುವುದೇ ಇಲ್ಲ. ಅದು ದೊಡ್ಡಕ್ಷರದಿಂದ ಶುರುವಾಗಬೇಕು, ನಮ್ಮ ಲಿಪಿಯಲ್ಲಿ ಚಿಕ್ಕದು ದೊಡ್ಡದು ಅನ್ನುವುದೇ ಇಲ್ಲವಲ್ಲ!

ಎರಡನೇ ದಾರಿಗೆ ರೇಲ್ಸ್ ಬೇಕಿಲ್ಲ. ರೂಬಿಯಲ್ಲಿ ಕ್ಲಾಸ್ ಕೂಡ ಒಂದು ಆಬ್ಜೆಕ್ಟೇ, ಹಾಗಾಗಿ ಅದಕ್ಕೂ ಒಂದೇ @ನ ಸ್ವಂತ ವೇರಿಯಬಲ್ ಇರಬಹುದು. ಆ ಕ್ಲಾಸ್‌ನದ್ದೇ ಮೆಥಡ್‌ಗಳು ಕೂರುವ ಸಿಂಗಲ್‌ಟನ್ ಕ್ಲಾಸ್ ತೆರೆದು ಅದರೊಳಗೆ ಮಾಮೂಲಿ ಆಟ್ರ್_ಆಕ್ಸೆಸರ್ ಬರೆದರೆ ಮುಗಿಯಿತು. ಇಲ್ಲಿ ಸಿಎಸ್‌ವಿ ಏನು ಮಾಡಿಕೊಂಡರೂ ಪಿಡಿಎಫ್‌ಗೆ ತಗಲುವುದಿಲ್ಲ. ಆದರೆ ಪಿಡಿಎಫ್‌ನ ಮಿತಿ ಕೇಳಿದರೆ ನಿಲ್, ಅಂದರೆ 'ಏನೂ ಇಲ್ಲ' ಅಂತ ಬರುತ್ತದೆ. ಮೆಥಡ್ ಅಪ್ಪನಿಂದ ಬಂತು, ಆಸ್ತಿ ಬರಲಿಲ್ಲ.

ಆಸ್ತಿಯೂ ಬರಲಿ ಅಂತ ರೀಡರನ್ನು ಕೈಯಲ್ಲೇ ಬರೆದೆ: ನನ್ನಲ್ಲಿ ಬೆಲೆ ಇದ್ದರೆ ಅದು, ಇಲ್ಲದಿದ್ದರೆ ಸೂಪರ್‌ಕ್ಲಾಸನ್ನು ಕೇಳು. 'ಇಲ್ಲದಿದ್ದರೆ' ಅನ್ನುವುದಕ್ಕೆ ಸುಮ್ನೆ ಎರಡು ಗೆರೆಯ 'ಅಥವಾ' (||) ಹಾಕಿದ್ದೆ, ಮಿತಿಗೆ ಚೆನ್ನಾಗಿಯೇ ನಡೆಯಿತು. ಆಮೇಲೆ 'ತಲೆಬರಹ ಬೇಕೇ' ಅನ್ನುವ ಹೌದು-ಇಲ್ಲದ ಸೆಟ್ಟಿಂಗ್ ಸೇರಿಸಿದೆ. ಪೇರೆಂಟ್‌ನಲ್ಲಿ ಟ್ರೂ, ಸಿಎಸ್‌ವಿಯಲ್ಲಿ ಫಾಲ್ಸ್. ಸಿಎಸ್‌ವಿಯನ್ನು ಕೇಳಿದರೆ ಟ್ರೂ ಅನ್ನುತ್ತದೆ! ಫಾಲ್ಸ್ ಕಂಡ ಕೂಡಲೇ 'ಇಲ್ಲಿ ಏನೂ ಇಲ್ಲ' ಅಂದುಕೊಂಡು ಅದು ಅಪ್ಪನ ಬಳಿ ಓಡುತ್ತಿತ್ತು. ಬೆಲೆ ಏನು ಅಂತ ನೋಡದೆ, ವೇರಿಯಬಲ್ ಇದೆಯೇ ಅಂತ ಡಿಫೈನ್ಡ್? ಹಾಕಿ ನೋಡಬೇಕು. ಇನ್‌ಹೆರಿಟೆಡ್ ಹುಕ್ ಬಳಸಿ, ಸಬ್‌ಕ್ಲಾಸ್ ಹುಟ್ಟುವಾಗಲೇ ಬೆಲೆ ನಕಲು ಮಾಡಿಕೊಡುವ ಕ್ರಮವೂ ಇದೆ. ಆಗ ಪೇರೆಂಟನ್ನು ಆಮೇಲೆ ಬದಲಿಸಿದರೆ ಮಕ್ಕಳಿಗೆ ಸುದ್ದಿಯೇ ಹೋಗುವುದಿಲ್ಲ. ನನಗೆ ಅದು ಬೇಡವಾಗಿತ್ತು.

ಮೂರನೆಯದು ಕ್ಲಾಸ್_ಆಟ್ರಿಬ್ಯೂಟ್ (class_attribute), ಇದೂ ರೇಲ್ಸ್‌ನ ಆಕ್ಟಿವ್ ಸಪೋರ್ಟ್ ಅನ್ನುವ ಲೈಬ್ರರಿಯದ್ದೇ. ಇಡೀ ರೇಲ್ಸ್ ಬೇಡ, ಇದೊಂದು ಫೈಲನ್ನು ಮಾತ್ರ ರಿಕ್ವೈರ್ ಮಾಡಿಕೊಳ್ಳಬಹುದು. ಪಿಡಿಎಫ್ ಕೇಳಿದರೆ 500, ಸಿಎಸ್‌ವಿ ಕೇಳಿದರೆ 5000, ಪೇರೆಂಟನ್ನು 600 ಮಾಡಿದರೆ ಪಿಡಿಎಫ್ ಕೂಡ 600. ಸಿಎಸ್‌ವಿ ಅಲುಗುವುದಿಲ್ಲ. ಸಬ್‌ಕ್ಲಾಸ್‌ನಲ್ಲಿ ಬರೆದ ಕೂಡಲೇ ಆ ಸಬ್‌ಕ್ಲಾಸ್ ಮೇಲೆ ಹೊಸ ಬೆಲೆ ಕೊಡುವ ರೀಡರ್ ಕೂರುತ್ತದೆ, ಬರೆಯುವ ತನಕ ಅಪ್ಪನದ್ದೇ ನಡೆಯುತ್ತದೆ. ಪರ್ಲ್ ಭಾಷೆ ಬಳಸಿದವರಿಗೆ ಇದು ಗೊತ್ತಿರುವ ನಡತೆ, ಕ್ಲಾಸ್::ಡೇಟಾ::ಇನ್‌ಹೆರಿಟಬಲ್ ಅನ್ನುವ ಮಾಡ್ಯೂಲ್ ಮಾಡುವುದೂ ಇದನ್ನೇ.

ಆಬ್ಜೆಕ್ಟ್ ಮೇಲಿನ ರೈಟರ್ ವಿಷಯದಲ್ಲಿ ಮಾತ್ರ ರೇಲ್ಸ್‌ನ ಈ ಎರಡೂ, ಸಿಆಟ್ರ್_ಆಕ್ಸೆಸರ್ ಮತ್ತು ಕ್ಲಾಸ್_ಆಟ್ರಿಬ್ಯೂಟ್, ಎಣ್ಣೆ-ಸೀಗೆಕಾಯಿ. ಒಂದು ರಿಪೋರ್ಟ್ ಆಬ್ಜೆಕ್ಟ್ ಹಿಡಿದು ಮಿತಿಯನ್ನು 10 ಮಾಡಿದೆ ಅಂದುಕೊಳ್ಳಿ. ಸಿಆಟ್ರ್_ಆಕ್ಸೆಸರ್ ಆದರೆ ಎಲ್ಲ ಕ್ಲಾಸ್‌ಗಳ ಮಿತಿ 10. ಕ್ಲಾಸ್_ಆಟ್ರಿಬ್ಯೂಟ್ ಆದರೆ ಆ ಒಂದು ಆಬ್ಜೆಕ್ಟ್‌ಗೆ ಮಾತ್ರ 10. ನಾನು ಎರಡರಲ್ಲೂ ಇನ್‌ಸ್ಟನ್ಸ್_ರೈಟರ್ ಫಾಲ್ಸ್ ಅಂತ ಹಾಕಿ ಬಾಗಿಲು ಮುಚ್ಚಿಬಿಡುತ್ತೇನೆ.

ಕ್ಲಾಸ್_ಆಟ್ರಿಬ್ಯೂಟ್ ಕೈಕೊಟ್ಟಿದ್ದು ಲಿಸ್ಟ್ ಇಟ್ಟಾಗ. ಕಾಲಂಗಳ ಹೆಸರಿನ ಒಂದು ಅರೇ ಪೇರೆಂಟ್‌ನಲ್ಲಿತ್ತು. ಸಿಎಸ್‌ವಿಗೆ ಇನ್ನೊಂದು ಕಾಲಂ ಜಾಸ್ತಿ ಬೇಕು ಅಂತ << ಹಾಕಿ ಅದೇ ಅರೇಗೆ ತುರುಕಿದೆ. ಪಿಡಿಎಫ್‌ನಲ್ಲೂ ಆ ಕಾಲಂ ಪ್ರತ್ಯಕ್ಷ! ಮತ್ತೆ ಮೊದಲನೇ ದಿನದ ಗೋಳು. ಆದರೆ ಇಲ್ಲಿ ತಪ್ಪು ನನ್ನದೇ. ನಾನು ಹೊಸ ಬೆಲೆ ಬರೆಯಲೇ ಇಲ್ಲ, ಅಪ್ಪನ ಅರೇಯನ್ನೇ ತಿದ್ದಿದೆ. ರೈಟರ್ ಕರೆಯದಿದ್ದರೆ ಸಿಎಸ್‌ವಿಗೆ ಬೇರೆ ಪ್ರತಿ ಎಲ್ಲಿಂದ ಬರಬೇಕು, ಅಲ್ವಾ? += ಹಾಕಿ ಹೊಸ ಅರೇ ಮಾಡಿ ಕೊಡಬೇಕು, ಎಡಗಡೆ ಸೆಲ್ಫ್ (ಅಂದರೆ ಈ ಕ್ಲಾಸೇ) ಮರೆಯಬಾರದು. ಮಿತಿಯಲ್ಲಿ ಒಮ್ಮೆ ಸೆಲ್ಫ್ ಬಿಟ್ಟು 'ಮಿತಿ = 5000' ಅಂತ ಬರೆದಿದ್ದೆ. ರೂಬಿ ಅದನ್ನು ಅಲ್ಲಿಗಷ್ಟೇ ಸೀಮಿತವಾದ ಲೋಕಲ್ ವೇರಿಯಬಲ್ ಅಂದುಕೊಂಡು ಸುಮ್ಮನಾಯಿತು, ಎರರ್ ಕೂಡ ಇಲ್ಲ.

ಈಗ ಸಬ್‌ಕ್ಲಾಸ್‌ಗಳಿಗೆ ಬೇರೆ ಬೇರೆ ಬೆಲೆ ಬೇಕಾದ ಕಡೆಯೆಲ್ಲ ಕ್ಲಾಸ್_ಆಟ್ರಿಬ್ಯೂಟ್ ಹಾಕುತ್ತೇನೆ. ನಡೆದದ್ದನ್ನು ದಾಖಲಿಸುವ ಲಾಗರ್‌ನಂಥ, ಇಡೀ ಪ್ರೋಗ್ರಾಮ್‌ಗೆ ನಿಜಕ್ಕೂ ಒಂದೇ ಇರಬೇಕಾದ ವಸ್ತುವಿಗೆ ಸಿಆಟ್ರ್_ಆಕ್ಸೆಸರ್ ಸಾಕು, ಅಲ್ಲಿ ಅದರ ಗುಣವೇ ಬೇಕಾದದ್ದು. ಬೇರೆಯವರು ಬಳಸುವ ಸಣ್ಣ ಜೆಮ್ (ರೂಬಿ ಲೈಬ್ರರಿ) ಬರೆಯುವಾಗ ಆಕ್ಟಿವ್ ಸಪೋರ್ಟ್ ಎಳೆದುಕೊಂಡು ಬರುವುದು ಇಷ್ಟವಿಲ್ಲ, ಆಗ ಡಿಫೈನ್ಡ್? ಇರುವ ಕೈಬರಹದ ರೀಡರ್. ಲಿಸ್ಟ್ ಇದ್ದರೆ ಡೀಫಾಲ್ಟನ್ನು ಫ್ರೀಜ್ ಮಾಡಿಯೇ, ಅಂದರೆ ತಿದ್ದಲಾಗದಂತೆ ಮಾಡಿಯೇ ಕೊಡುತ್ತೇನೆ. ಹೋದ ವಾರ ಹಳೇ ಅಭ್ಯಾಸದಲ್ಲಿ ಮತ್ತೆ << ಒತ್ತಿದ್ದೆ, ಫ್ರೋಜನ್ ಎರರ್ ಆ ಸಾಲಿನಲ್ಲೇ ಹಿಡಿದು ನಿಲ್ಲಿಸಿತು.