ಪೋಸ್ಟ್‌ಮಾರ್ಕ್: ಹೋದ ಮೇಲ್ ಎಲ್ಲಿ ಹೋಯಿತು ಅಂತ ಹೇಳುವ ಸರ್ವಿಸ್

ವೆಬ್ ಆ್ಯಪ್‌ನಿಂದ ಮೇಲ್ ಕಳಿಸುವುದು ದೊಡ್ಡ ಕೆಲಸವೇನಲ್ಲ. ಟೋಕನ್ (ಗುರುತಿನ ಕೀ) ಹಾಕಿ ಮೇಲ್ ಸರ್ವಿಸ್‌ನ ಎಪಿಐಗೆ (ಕೋಡ್‌ನಿಂದಲೇ ಕೆಲಸ ಹೇಳುವ ದಾರಿ) ಒಂದು ರಿಕ್ವೆಸ್ಟ್ ಬಿಟ್ಟರೆ ಆಯಿತು, ಎಲ್ಲ ಸರ್ವಿಸ್‌ಗಳಲ್ಲೂ ಇದು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಗೊತ್ತಾಗುವುದು ಯಾರೋ ಒಬ್ಬರು "ಪಾಸ್‌ವರ್ಡ್ ರೀಸೆಟ್ ಲಿಂಕ್ ಬಂದೇ ಇಲ್ಲ" ಅಂದಾಗ. ಆ ಒಂದು ಮೇಲ್ ಏನಾಯಿತು ಅಂತ ತಕ್ಷಣ ಉತ್ತರ ಸಿಗುತ್ತದಾ? ಆ್ಯಪ್‌ಗಳ ಪರವಾಗಿ ಮೇಲ್ ಕಳಿಸಿಕೊಡುವ ಪೋಸ್ಟ್‌ಮಾರ್ಕ್ ಅನ್ನುವ ಸರ್ವಿಸ್‌ನಲ್ಲಿ ನಾನು ಮುಖ್ಯವಾಗಿ ನೋಡಿದ್ದು ಇದನ್ನೇ.

ಮೊದಲು ಬಳಸುತ್ತಿದ್ದ ಸರ್ವಿಸ್‌ನ ಹೆಸರು ಬೇಡ ಬಿಡಿ. ಗ್ರಾಫ್‌ಗಳಿಗೇನೂ ಕೊರತೆ ಇರಲಿಲ್ಲ, ಆದರೆ ಒಂದು ವಿಳಾಸ ಹಾಕಿ ಹುಡುಕಿದರೆ 'ಪ್ರೊಸೆಸ್ಡ್' ಅಂತ ಬಂದು ನಿಲ್ಲುತ್ತಿತ್ತು. ಪ್ರೊಸೆಸ್ ಆಗಿ ಎಲ್ಲಿಗೆ ಹೋಯಿತು ಮಾರಾಯ್ರೇ? ಪೋಸ್ಟ್‌ಮಾರ್ಕ್‌ನಲ್ಲಿ ಆಕ್ಟಿವಿಟಿ ಪುಟಕ್ಕೆ ಹೋಗಿ ವಿಳಾಸ ಹುಡುಕಿದರೆ ಆ ಮೇಲ್‌ನ ಪೂರ್ತಿ ಕಥೆ ಕಾಣುತ್ತದೆ, ಎದುರಿನ ಸರ್ವರ್ ಕೊಟ್ಟ ಉತ್ತರವೂ ಸೇರಿ. ಆ ಉತ್ತರದಲ್ಲಿ 250 ಅಂತ ಇದ್ದರೆ ಅವರ ಸರ್ವರ್ ತೆಗೆದುಕೊಂಡಿದೆ, ಇನ್ನು ಅವರ ಸ್ಪ್ಯಾಮ್ ಫೋಲ್ಡರ್ ನೋಡಲು ಹೇಳಬೇಕು. 550 ಇದ್ದರೆ ಬಹುಪಾಲು ವಿಳಾಸವೇ ತಪ್ಪು.

ಜೋಡಿಸುವಾಗ ಸಮಯ ತಿನ್ನುವುದು ಕೋಡ್ ಅಲ್ಲ, ಡಿಎನ್‌ಎಸ್, ಅಂದರೆ ನಿಮ್ಮ ಡೊಮೇನ್‌ನ ಮಾಹಿತಿ ಇಡುವ ವ್ಯವಸ್ಥೆ. ಇಲ್ಲಿ ಎರಡೇ ರೆಕಾರ್ಡ್ ಕೇಳುತ್ತಾರೆ, ಡಿಕಿಮ್‌ಗೆ (ಮೇಲ್ ನಿಮ್ಮ ಡೊಮೇನ್‌ನದೇ ಅಂತ ತೋರಿಸುವ ಸಹಿ) ಒಂದು ಟಿಎಕ್ಸ್‌ಟಿ, ರಿಟರ್ನ್ ಪಾತ್‌ಗೆ (ತಲುಪದ ಮೇಲ್‌ನ ಸುದ್ದಿ ವಾಪಸ್ ಬರುವ ವಿಳಾಸ) ಒಂದು ಸಿನೇಮ್. ಕೆಲವು ಡಿಎನ್‌ಎಸ್ ಪ್ಯಾನೆಲ್‌ಗಳು ಡೊಮೇನ್ ಹೆಸರನ್ನು ತಾವೇ ಕೊನೆಗೆ ಅಂಟಿಸುತ್ತವೆ. ನೀವೂ ಪೂರ್ತಿ ಹೆಸರು ಕೊಟ್ಟರೆ ಡೊಮೇನ್ ಎರಡು ಸಲ ಬಂದು, ವೆರಿಫೈ ಆಗದೆ ಸುಮ್ನೆ ಕಾಯುತ್ತಾ ಕೂರಬೇಕಾಗುತ್ತದೆ. ಡಿಮಾರ್ಕ್ ರೆಕಾರ್ಡನ್ನೂ (ಪರೀಕ್ಷೆಯಲ್ಲಿ ಸೋತ ಮೇಲನ್ನು ಏನು ಮಾಡಬೇಕು ಅಂತ ಹೇಳುವುದು) ಹಾಕಿಬಿಡಿ. 2024ರ ಫೆಬ್ರವರಿಯಿಂದ ಜಿಮೇಲ್, ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಎಸ್‌ಪಿಎಫ್ (ಯಾವ ಸರ್ವರ್‌ಗಳು ನಿಮ್ಮ ಹೆಸರಲ್ಲಿ ಕಳಿಸಬಹುದು ಅನ್ನುವ ಪಟ್ಟಿ), ಡಿಕಿಮ್, ಡಿಮಾರ್ಕ್ ಮೂರನ್ನೂ ಕಡ್ಡಾಯ ಮಾಡಿದೆ. ನಿಮ್ಮದು ಅಷ್ಟು ದೊಡ್ಡ ಆ್ಯಪ್ ಅಲ್ಲದಿದ್ದರೂ ಇದ್ದರೆ ಒಳ್ಳೆಯದು.

ಒಂದು ವಿಷಯ ಮೊದಲೇ ಗೊತ್ತಿರಲಿ. ಪೋಸ್ಟ್‌ಮಾರ್ಕ್‌ನವರು ನಿಮ್ಮ ಅಕೌಂಟ್ ನೋಡಿ ಒಪ್ಪುವವರೆಗೆ ನಿಮ್ಮದೇ ಡೊಮೇನ್‌ನ ವಿಳಾಸಗಳಿಗೆ ಮಾತ್ರ ಮೇಲ್ ಹೋಗುತ್ತದೆ. ನಾಳೆ ಲಾಂಚ್ ಇಟ್ಟುಕೊಂಡು ಇವತ್ತು ಅಕೌಂಟ್ ತೆರೆಯಬೇಡಿ.

ಕೋಡ್ ಕಡೆ ನನಗೆ ತುಂಬಾ ಇಷ್ಟವಾಗಿದ್ದು ಅವರ ಎರರ್ ಕೋಡ್‌ಗಳು. ಒಂದು ವಿಳಾಸ ಹಾರ್ಡ್ ಬೌನ್ಸ್ ಆದರೆ (ಮೇಲ್ ಶಾಶ್ವತವಾಗಿ ತಲುಪದೆ ವಾಪಸ್ ಬಂದರೆ) ಅಥವಾ ಆ ವ್ಯಕ್ತಿ ಸ್ಪ್ಯಾಮ್ ಅಂತ ಒತ್ತಿದರೆ, ಆ ವಿಳಾಸ ನಿಷ್ಕ್ರಿಯವಾಗುತ್ತದೆ, ಮುಂದಿನ ಸಲ ಕಳಿಸಿದಾಗ ಎಚ್‌ಟಿಟಿಪಿ 422 ಜೊತೆಗೆ ಎರರ್ ಕೋಡ್ 406 ಬರುತ್ತದೆ, ಇದನ್ನು ಹಿಡಿದು "ನಿಮ್ಮ ಇಮೇಲ್ ವಿಳಾಸ ಒಮ್ಮೆ ನೋಡಿ" ಅಂತ ಆ್ಯಪ್‌ನಲ್ಲೇ ತೋರಿಸಬಹುದು. ಕ್ಯೂ ಹಾಕಿ, ಅಂದರೆ ಮೇಲ್‌ಗಳನ್ನು ಸಾಲಿನಲ್ಲಿಟ್ಟು ಹಿನ್ನೆಲೆಯಲ್ಲಿ ಕಳಿಸುತ್ತಿದ್ದರೆ (ಹಾಕಲೇಬೇಕು, ಯಾರದೋ ಸರ್ವರ್ ನಿಧಾನ ಅಂತ ನಿಮ್ಮ ಸೈನ್ಅಪ್ ಪುಟ ಯಾಕೆ ತಿರುಗುತ್ತಾ ಕೂರಬೇಕು?) 422 ಬಂದದ್ದನ್ನು ಮತ್ತೆ ಪ್ರಯತ್ನಿಸಬೇಡಿ. ನೆಟ್‌ವರ್ಕ್ ಟೈಮ್ಔಟ್, 500ರ ಸಾಲಿನ ಎರರ್ ಇವಕ್ಕೆ ಮಾತ್ರ ರೀಟ್ರೈ ಸಾಕು.

ಕಾಂಟ್ಯಾಕ್ಟ್ ಫಾರ್ಮ್‌ನಲ್ಲಿ ಫ್ರಮ್ ಜಾಗಕ್ಕೆ ಫಾರ್ಮ್ ತುಂಬಿದವರ ವಿಳಾಸ ಹಾಕುವ ಅಭ್ಯಾಸ ಬಹಳ ಜನರಿಗಿದೆ. ಪೋಸ್ಟ್‌ಮಾರ್ಕ್ ಅದನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತದೆ, ನೀವು ವೆರಿಫೈ ಮಾಡದ ವಿಳಾಸದಿಂದ ಕಳಿಸಲು ಬಿಡುವುದಿಲ್ಲ. ಕಿರಿಕಿರಿ ಅನ್ನಿಸಬಹುದು, ಆದರೆ ಅದೇ ಸರಿ. ಅವರ ವಿಳಾಸ ರಿಪ್ಲೈ-ಟು ಜಾಗಕ್ಕೆ ಹೋಗಬೇಕು.

ಯಾರು ಲಿಂಕ್ ಒತ್ತಿದರು ಅಂತ ತಿಳಿಸುವ ಲಿಂಕ್ ಟ್ರ್ಯಾಕಿಂಗ್ ಸೌಲಭ್ಯವೂ ಇದೆ. ರೀಸೆಟ್ ಮೇಲ್‌ಗಳಿಗೆ ಮಾತ್ರ ಅದನ್ನು ಆನ್ ಮಾಡಬೇಡಿ, ಲಿಂಕ್ ಬೇರೆ ವಿಳಾಸವಾಗಿ ಬದಲಾಗಿ ನೋಡಿದವರಿಗೆ ಅನುಮಾನ ಬರುತ್ತದೆ. ಇನ್ನೊಂದು ತಲೆನೋವು ಯಾವ ಸರ್ವಿಸ್‌ನಲ್ಲೂ ತಪ್ಪಿದ್ದಲ್ಲ. ಕೆಲವು ಕಂಪನಿಗಳ ಸೆಕ್ಯೂರಿಟಿ ಸ್ಕ್ಯಾನರ್‌ಗಳು ಮೇಲ್ ಬಂದ ಕೂಡಲೇ ಒಳಗಿನ ಲಿಂಕ್ ತಾವೇ ತೆರೆದು ನೋಡುತ್ತವೆ, ಒಂದೇ ಸಲ ಬಳಸುವ ಲಿಂಕ್ ಆಗಿದ್ದರೆ ಬಳಕೆದಾರರು ಒತ್ತುವಷ್ಟರಲ್ಲಿ ಅದು ಮುಗಿದುಹೋಗಿರುತ್ತದೆ. ಲಿಂಕ್ ಒಂದು ಪುಟ ತೆರೆಯಲಿ, ಆ ಪುಟದ ಬಟನ್ ಒತ್ತಿದ ಮೇಲೆಯೇ ಲಿಂಕ್‌ನ ಒಂದು ಸಲದ ಬಳಕೆ ಮುಗಿಯಲಿ.

ರೀಸೆಟ್, ಒಟಿಪಿ ಥರದ ಮೇಲ್‌ಗಳಿಗೆ ಒಂದು ಸ್ಟ್ರೀಮ್, ಸುದ್ದಿ-ಪ್ರಚಾರದ ಮೇಲ್‌ಗಳಿಗೆ ಇನ್ನೊಂದು. ಎರಡನ್ನೂ ಬೇರೆಬೇರೆ ದಾರಿಯಲ್ಲೇ ಕಳಿಸುತ್ತಾರೆ. ಪ್ರಚಾರದ ಮೇಲ್ ನೋಡಿ ಯಾರೋ ಸ್ಪ್ಯಾಮ್ ಅಂತ ಒತ್ತಿದ್ದಕ್ಕೆ ರೀಸೆಟ್ ಮೇಲ್ ಏಟು ತಿನ್ನಬಾರದು ಅಲ್ವಾ, ಅದಕ್ಕೇ ಈ ವ್ಯವಸ್ಥೆ.

ಅಗ್ಗದ್ದು ಬೇಕು ಅಂದರೆ ಅಮೆಜಾನ್ ಎಸ್‌ಇಎಸ್ ಇದೆ. ಅಲ್ಲೂ ಶುರುವಿನಲ್ಲಿ ಸ್ಯಾಂಡ್‌ಬಾಕ್ಸ್ (ಪರೀಕ್ಷೆಗಷ್ಟೇ ಬಿಡುವ ಹಂತ), 24 ಗಂಟೆಗೆ 200 ಮೇಲ್, ಅದೂ ವೆರಿಫೈ ಮಾಡಿದ ವಿಳಾಸಗಳಿಗೆ. ಬೌನ್ಸ್ ಮಾಹಿತಿ ಎಸ್‌ಎನ್‌ಎಸ್ (ಅಮೆಜಾನ್‌ನದೇ ಸೂಚನೆ ಕಳಿಸುವ ಸರ್ವಿಸ್) ಮೂಲಕ ಬರುತ್ತದೆ, ಅದನ್ನು ಹಿಡಿದು ಹುಡುಕುವ ಪುಟ ಕಟ್ಟಿಕೊಳ್ಳುವುದು ಬಹುಮಟ್ಟಿಗೆ ನಿಮ್ಮ ಕೆಲಸ. ಅದಕ್ಕೆ ಸಮಯ ಇರುವ ಟೀಮ್‌ಗೆ ಅದೇ ಲಾಭ. ಒಬ್ಬರೋ ಇಬ್ಬರೋ ಇರುವ ಕಡೆ ನಾನು ಪೋಸ್ಟ್‌ಮಾರ್ಕ್ ಅಂತಲೇ ಹೇಳುತ್ತೇನೆ.

ಒಂದು ಕೊರತೆ ಹೇಳಬೇಕು. ಮೇಲ್ ಹಿಸ್ಟರಿ ಮಾಮೂಲಾಗಿ ಇರುವುದು 45 ದಿನ. ಆರು ತಿಂಗಳ ಹಿಂದಿನ ಇನ್ವಾಯ್ಸ್ ಮೇಲ್ ಹೋಗಿತ್ತಾ ಅಂತ ಕೇಳುವವರು ನಿಮ್ಮಲ್ಲಿದ್ದರೆ, ಡೆಲಿವರಿ ಮತ್ತು ಬೌನ್ಸ್ ವೆಬ್‌ಹುಕ್ (ಅವರ ಸರ್ವರ್ ನಿಮ್ಮ ಸರ್ವರ್‌ಗೆ ತಾನೇ ಕಳಿಸುವ ಸುದ್ದಿ) ಎರಡನ್ನೂ ಮೊದಲ ದಿನವೇ ನಿಮ್ಮ ಡೇಟಾಬೇಸ್‌ಗೆ ಬರೆಸಿಕೊಳ್ಳಿ.