ಎಸ್ಟೇಟ್ ಕಡತಗಳಲ್ಲಿ ಗುಲಾಮ ಪೂರ್ವಜರ ಹುಡುಕಾಟ: ಫ್ಯಾಮಿಲಿಸರ್ಚ್ ಬಳಸಿದವನ ಅನುಭವ

ಫ್ಯಾಮಿಲಿಸರ್ಚ್ ವಂಶಾವಳಿ ದಾಖಲೆಗಳ ಜಾಲತಾಣ. ಅದಕ್ಕೆ ದುಡ್ಡು ಕಟ್ಟಬೇಕಿಲ್ಲ, ಖಾತೆ ತೆರೆದರೆ ಸಾಕು. ನಡೆಸುವವರು ಅಮೆರಿಕದ ಒಂದು ಕ್ರೈಸ್ತ ಪಂಥವಾದ ಮಾರ್ಮನ್ ಚರ್ಚ್‌ನವರು. 1938ರಿಂದ ದೇಶದೇಶಗಳ ಕಚೇರಿ ಕಡತಗಳನ್ನು ಮೈಕ್ರೋಫಿಲ್ಮ್ ಮಾಡಿ ಇಟ್ಟುಕೊಂಡು ಬಂದವರು. ನಾನು ಇದನ್ನು ಬಳಸುತ್ತಿರುವುದು ಹೆಂಡತಿಯ ಮನೆತನಕ್ಕಾಗಿ. ಅವಳು ಆಫ್ರಿಕನ್ ಅಮೆರಿಕನ್. ಅವಳ ತಾಯಿಯ ಕಡೆಯವರು ನಾರ್ತ್ ಕ್ಯಾರೊಲೈನಾ ರಾಜ್ಯದ ಆರೆಂಜ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಗುಲಾಮರಾಗಿ ದುಡಿದವರು. ಅವರ ಹೆಸರುಗಳನ್ನು ಸತ್ತ ಧಣಿಗಳ ಆಸ್ತಿ ವಿಲೇವಾರಿಯ ಕೋರ್ಟ್ ಕಾಗದಗಳಿಂದ (ಎಸ್ಟೇಟ್ ಕಡತ ಎಂದರೆ ಇವೇ) ಹೆಕ್ಕಿ ತೆಗೆಯಲು ಈ ತಾಣ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

1870ರ ಜನಗಣತಿಯವರೆಗೆ ಹೋಗುವುದು ಅಷ್ಟೇನೂ ಕಷ್ಟವಲ್ಲ. ಬಿಡುಗಡೆಯಾದವರ ಹೆಸರು, ವಯಸ್ಸು, ಮನೆಮಂದಿ ಎಲ್ಲವನ್ನೂ ಬರೆದುಕೊಂಡ ಮೊದಲ ಗಣತಿ ಅದು. ಅದರ ಹಿಂದೆ ಗೋಡೆ. 1850 ಮತ್ತು 1860ರಲ್ಲಿ ಗುಲಾಮರಿಗೆಂದೇ ಬೇರೆ ಪಟ್ಟಿ ಮಾಡಿದ್ದರೂ ಅದರಲ್ಲಿ ಹೆಸರಿರುವುದು ಧಣಿಯದು. ಕೆಳಗೆ ಬರೀ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹಾಗಾಗಿ ಮೊದಲು ಧಣಿ ಯಾರೆಂದು ಪತ್ತೆ ಮಾಡಬೇಕು. ಅಡ್ಡಹೆಸರನ್ನು ನಂಬಿಕೊಂಡು ಹೊರಡಬೇಡಿ, ಎಷ್ಟೋ ಜನ ಹಿಂದಿನ ಧಣಿಯದನ್ನೋ ಅಪ್ಪನ ಧಣಿಯದನ್ನೋ ಇಟ್ಟುಕೊಂಡಿದ್ದರು. 1870ರಲ್ಲಿ ಅಕ್ಕಪಕ್ಕ ಇದ್ದ ಬಿಳಿಯ ಜಮೀನುದಾರರು ಯಾರು, ಫ್ರೀಡ್‌ಮೆನ್ಸ್ ಬ್ಯೂರೋ (ಬಿಡುಗಡೆಯಾದ ಗುಲಾಮರ ನೆರವಿಗಿದ್ದ ಸರ್ಕಾರಿ ಇಲಾಖೆ, 1865–72) ಮಾಡಿಸಿದ ಕೂಲಿ ಕರಾರುಗಳಲ್ಲಿ ಯಾರ ಹೆಸರಿದೆ ಎಂದು ನೋಡಿ. ಗುಲಾಮಗಿರಿಯ ಕಾಲದ ಮದುವೆಗಳನ್ನು ನಾರ್ತ್ ಕ್ಯಾರೊಲೈನಾ 1866ರಲ್ಲಿ ನೋಂದಾಯಿಸಿಕೊಂಡಾಗ, ಎಷ್ಟು ವರ್ಷದಿಂದ ಕೂಡಿ ಬಾಳುತ್ತಿದ್ದೇವೆ ಎಂದು ಗಂಡಹೆಂಡಿರು ಹೇಳಿ ಬರೆಸಿದ್ದಾರೆ. ಅದನ್ನು ಬಿಡಲೇಬೇಡಿ.

ಧಣಿ ಸಿಕ್ಕ ಮೇಲೆ ಅವನು ಸತ್ತದ್ದು ಯಾವಾಗ ಎಂದು ನೋಡಬೇಕು, ಏಕೆಂದರೆ ಗುಲಾಮರ ಹೆಸರು ಕೋರ್ಟಿನ ಕಾಗದಕ್ಕೆ ಬರುತ್ತಿದ್ದುದು ಹೆಚ್ಚಾಗಿ ಆಗಲೇ: ಉಯಿಲು, ಆಸ್ತಿ ಪಟ್ಟಿ, ಹಿಸ್ಸೆ ಪತ್ರ, ಹರಾಜಿನ ಲೆಕ್ಕ. ಎತ್ತು, ಗಾಡಿ, ಹಂಡೆಗಳ ಜೊತೆಯಲ್ಲೇ ಮನುಷ್ಯರು, ಎದುರಿಗೆ ಡಾಲರ್. ನಾರ್ತ್ ಕ್ಯಾರೊಲೈನಾದ 1663ರಿಂದ 1979ರವರೆಗಿನ ಎಸ್ಟೇಟ್ ಕಡತಗಳ ಸಂಗ್ರಹವೇ ಫ್ಯಾಮಿಲಿಸರ್ಚ್‌ನಲ್ಲಿದೆ. ಮೊದಲು ಸತ್ತವನ ಹೆಸರು ಹಿಡಿದು ಹಾಳೆ ಹಾಳೆ ತಿರುವಬೇಕಿತ್ತು. 2024ರಲ್ಲಿ ಫುಲ್-ಟೆಕ್ಸ್ಟ್ ಸರ್ಚ್ ಬಂತು. ಕೈಬರಹವನ್ನು ಕಂಪ್ಯೂಟರೇ ಓದಿಟ್ಟಿರುವುದರಿಂದ ಹಾಳೆಯ ಒಳಗಿನ ಪದವನ್ನೂ ಹುಡುಕಬಹುದು. ಅಮೆರಿಕದ ಜಮೀನು ಮತ್ತು ಉಯಿಲು ದಾಖಲೆಗಳಿಂದಲೇ ಅವರು ಶುರು ಮಾಡಿದ್ದು ನಮ್ಮ ಪುಣ್ಯ.

ಧಣಿಯ ಅಡ್ಡಹೆಸರು, ಗುಲಾಮರ ಹೆಸರು ಎರಡರ ಮೊದಲ ಅಕ್ಷರಕ್ಕೂ ಮುಂಚೆ ಪ್ಲಸ್ ಚಿಹ್ನೆ ಹಾಕಿ, ಕೌಂಟಿ ಮತ್ತು ವರ್ಷದಿಂದ ಸೋಸಿ. ಫಿಲ್ಲಿಸ್, ಸೀಸರ್, ಪ್ರಿನ್ಸ್‌ನಂಥ ಹೆಸರಾದರೆ ಬೇಗ ಕೈಗೆ ಸಿಗುತ್ತದೆ. ಜಾನ್, ಮೇರಿ ಆದರೆ ತಾಯಿ ಮತ್ತು ಮಗು ಇಬ್ಬರ ಹೆಸರನ್ನೂ ಒಟ್ಟಿಗೆ ಕೊಡಿ. ಮಾಸಿದ ಮಸಿಯನ್ನು ಯಂತ್ರ ತಪ್ಪಾಗಿ ಓದುವುದುಂಟು. ಅನುಮಾನವಿದ್ದ ಅಕ್ಷರದ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಇನ್ನೊಮ್ಮೆ ಹುಡುಕಿ. ಸಿಕ್ಕ ಹಾಳೆಗೇ ತೃಪ್ತಿಪಡದೆ ಇಡೀ ಕಡತ ಓದಿ.

ನಮಗೆ ಸಿಕ್ಕಿದ್ದರಲ್ಲಿ ಬಹುಪಾಲು ಹೀಗೆ ಓದಿದ್ದರಿಂದಲೇ ಸಿಕ್ಕಿದ್ದು. ಧಣಿಯ ಮಕ್ಕಳು ಚಿಕ್ಕವರಾಗಿದ್ದರೆ, ಅವರು ಪ್ರಾಯಕ್ಕೆ ಬರುವ ತನಕ ಗಾರ್ಡಿಯನ್ ಆದವನು ಹೊಸ ವರ್ಷದ ಹೊತ್ತಿಗೆ ಗುಲಾಮರನ್ನು ಬಾಡಿಗೆಗೆ ಕೊಟ್ಟು ಕೋರ್ಟಿಗೆ ಲೆಕ್ಕ ಒಪ್ಪಿಸುತ್ತಿದ್ದ. ಎಳೆ ಮಕ್ಕಳಿರುವ ತಾಯಿಗೆ ಬಾಡಿಗೆ ಹುಟ್ಟುತ್ತಿರಲಿಲ್ಲ. ಅವಳನ್ನು ಯಾರು ಕಡಿಮೆ ದುಡ್ಡಿಗೆ ಸಾಕುತ್ತೇನೆ ಎನ್ನುತ್ತಾರೋ ಅವರ ಮನೆಗೆ ಕಳಿಸುತ್ತಿದ್ದರು, ಹರಾಜು ತಿರುಗುಮುರುಗು. ವರ್ಷ ವರ್ಷದ ಈ ಪಟ್ಟಿಗಳನ್ನು ಜೋಡಿಸಿದರೆ ಮಗು ಯಾವಾಗ ಹುಟ್ಟಿತು, ಯಾವ ವರ್ಷದಿಂದ ಅದರ ದುಡಿಮೆಗೂ ಬೆಲೆ ಕಟ್ಟಿದರು ಎಲ್ಲ ತಿಳಿಯುತ್ತದೆ. ಅತ್ತೆಗೆ ಇದನ್ನು ಓದಿ ಹೇಳುತ್ತಿದ್ದಾಗ, ಹೆಸರಷ್ಟೇ ಓದು, ದುಡ್ಡು ಓದಬೇಡ ಎಂದರು. ಅಂದಿನಿಂದ ಮನೆಯವರಿಗೆ ಕೊಡುವ ಪ್ರತಿಯಲ್ಲಿ ಬೆಲೆಯ ಕಾಲಂ ಇಡುವುದಿಲ್ಲ. ನನ್ನ ಪ್ರತಿಯಲ್ಲಿ ಇದೆ, ಬೇಕು ಕೂಡ: ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಎಷ್ಟೋ ಸಲ ಅದೊಂದೇ ಗುರುತು.

ಕುಟುಂಬ ಒಡೆದಷ್ಟೂ ದಾಖಲೆ ಹೆಚ್ಚು, ಇದು ಈ ಹುಡುಕಾಟದ ಕ್ರೂರ ಲೆಕ್ಕ. ಸಾಲಕ್ಕೆ ಅಡ ಇಟ್ಟವರು, ಹಿಸ್ಸೆಯಲ್ಲಿ ಹಂಚಿಹೋದವರು ಕಾಗದದಲ್ಲಿ ಉಳಿದಿದ್ದಾರೆ. ಒಂದೇ ಮನೆತನದ ಕೈಯಲ್ಲೇ ಉಳಿದವರನ್ನು ಹುಡುಕಲು ಆ ಮನೆತನದ ಖಾಸಗಿ ಕಾಗದಗಳೇ ಬೇಕು. ಆಗಿನ ಆರೆಂಜ್ ಕೌಂಟಿಯ ಸ್ಟ್ಯಾಗ್‌ವಿಲ್ ತೋಟದ ಬೆನೆಹನ್-ಕ್ಯಾಮರನ್ ಮನೆತನದ ಹಿಡಿತದಲ್ಲಿ 1860ರ ಹೊತ್ತಿಗೆ ಸುಮಾರು 900 ಗುಲಾಮರು, 30,000 ಎಕರೆಯಷ್ಟು ಜಮೀನು ಇತ್ತು. ಆ ಮನೆತನದ ಕಾಗದಪತ್ರ, ಗುಲಾಮರ ಪಟ್ಟಿ ಸಮೇತ, ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದಲ್ಲಿದೆ. ಅಂಥವರಿಗೆ ಫ್ಯಾಮಿಲಿಸರ್ಚ್ ಒಂದೇ ಸಾಲದು. ಮಾರಾಟ ಪತ್ರಗಳಿಗೆ ಗ್ರೀನ್ಸ್‌ಬರೋ ವಿಶ್ವವಿದ್ಯಾಲಯದ ಗುಲಾಮಗಿರಿ ಡಿಜಿಟಲ್ ಗ್ರಂಥಾಲಯವನ್ನೂ ನೋಡಿ, ಅದೂ ಪುಕ್ಕಟೆ.

ಕೊರತೆಗಳಿವೆ. ಕೆಲವು ಕಡತಗಳ ಚಿತ್ರಗಳು ಮನೆಯಲ್ಲಿ ತೆರೆಯುವುದಿಲ್ಲ, ಅವರ ಕೇಂದ್ರಕ್ಕೋ ಒಪ್ಪಂದವಿರುವ ಗ್ರಂಥಾಲಯಕ್ಕೋ ಹೋಗಬೇಕು. ಎಲ್ಲರಿಗೂ ಸೇರಿ ಇರುವುದು ಒಂದೇ ವಂಶವೃಕ್ಷ. ಗತಿಸಿದವರ ವಿವರವನ್ನು ಯಾರು ಬೇಕಾದರೂ ತಿದ್ದಬಹುದು, ಹಾಗಾಗಿ ನಾನು ನನ್ನದನ್ನು ಬೇರೆ ಕಡತದಲ್ಲಿ ಇಟ್ಟಿದ್ದೇನೆ. ಚರ್ಚ್‌ನವರು ತಮ್ಮ ಪೂರ್ವಜರ ಪರವಾಗಿ ದೀಕ್ಷಾಸ್ನಾನ ಮಾಡಿಸುವ ಪದ್ಧತಿಯೂ ಉಂಟು. ವಂಶವೃಕ್ಷಕ್ಕೆ ಹೆಸರು ಹಾಕುವ ಮೊದಲು ಮನೆಯ ಹಿರಿಯರನ್ನು ಒಂದು ಮಾತು ಕೇಳಿ. ಗಡಿಯ ಗೊಂದಲವಂತೂ ಇದ್ದೇ ಇದೆ: ಡರ್ಹಮ್ ಕೌಂಟಿ ಹುಟ್ಟಿದ್ದೇ 1881ರಲ್ಲಿ, ಅದಕ್ಕಿಂತ ಹಳೆಯದನ್ನು ಹೆಚ್ಚಾಗಿ ಆರೆಂಜ್ ಕೌಂಟಿಯಲ್ಲಿ, ಕೆಲವು ಭಾಗದ್ದನ್ನು ವೇಕ್ ಕೌಂಟಿಯಲ್ಲಿ ಹುಡುಕಬೇಕು. ಹೊಸ ತಾಲ್ಲೂಕಾದ ಮೇಲೂ ಹಳೇ ಖಾತೆಗೆ ಹಳೇ ತಾಲ್ಲೂಕು ಕಚೇರಿಗೇ ಅಲೆಯುತ್ತೇವಲ್ಲ, ಹಾಗೆ. ಮಗಳ ಮದುವೆಗೆ ಬಳುವಳಿಯಾಗಿ ಕೊಟ್ಟ ಗುಲಾಮರು ಅಳಿಯನ ಹೆಸರಲ್ಲಿ, ದೂರದ ಕೌಂಟಿಯಲ್ಲಿ ಸಿಗುತ್ತಾರೆ.

ಚಂದಾ ಕಟ್ಟಿ ಬಳಸುತ್ತಿದ್ದ ಇನ್ನೊಂದು ತಾಣವನ್ನು ಬಿಟ್ಟುಬಿಟ್ಟೆ. ವಯಸ್ಸು ಹೊಂದಿತೆಂದು 1860ರ ಪಟ್ಟಿಯ ಯಾರನ್ನೋ ತಂದು ನಮ್ಮವರಿಗೆ ಗಂಟು ಹಾಕುತ್ತಿತ್ತು. ಫ್ಯಾಮಿಲಿಸರ್ಚ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ನಿಮ್ಮವರು ಜಮೈಕಾ, ಬಾರ್ಬಡೋಸ್ ಕಡೆಯವರಾದರೆ ಇಲ್ಲಿಂದ ಶುರು ಮಾಡಬೇಡಿ. ಬ್ರಿಟಿಷರ ವಸಾಹತುಗಳಲ್ಲಿ 1834ರವರೆಗೆ ಇಟ್ಟ ಗುಲಾಮರ ರಿಜಿಸ್ಟರುಗಳಲ್ಲಿ ಹೆಸರೇ ಇದೆ. ಧಣಿ ಯಾರೆಂದು ತಿಳಿಯಲು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಮಾಡಿಟ್ಟಿರುವ ಗುಲಾಮ ಮಾಲೀಕರ ಡೇಟಾಬೇಸ್ ಮೊದಲು ತೆರೆಯಿರಿ.